ಆಪರೇಟರ್‌ನ ಬಲಗಡೆ ಒಂದು ಫಲನ

ಶಿವಮೊಗ್ಗದಲ್ಲಿ ಬಿ.ಎಸ್‌ಸಿ. ಕೊನೆಯ ವರ್ಷ ಓದುವಾಗ ಕ್ವಾಂಟಂ ಮೆಕ್ಯಾನಿಕ್ಸ್‌ನ ಲೆಕ್ಕಕ್ಕಿಂತ ಅದರ ಬರವಣಿಗೆಯೇ ನನ್ನನ್ನು ಹೆಚ್ಚು ಕಾಡಿತ್ತು. ಟೊಪ್ಪಿ ಹಾಕಿದ ಅಕ್ಷರಗಳು, ಚೂಪು ಆವರಣಗಳು. ಟೊಪ್ಪಿ ಹಾಕಿದ ಅಕ್ಷರವೆಂದರೆ ಆಪರೇಟರ್, ಅಂದರೆ ಒಂದು ಫಲನದ ಮೇಲೆ ಮಾಡಬೇಕಾದ ಕ್ರಿಯೆ. ಎರಡು ಆಪರೇಟರ್‌ಗಳ ಕ್ರಮ ಅದಲುಬದಲಾದಾಗ ಬರುವ ವ್ಯತ್ಯಾಸವೇ ಕಮ್ಯುಟೇಟರ್. ಸ್ಥಾನ ಮತ್ತು ಸಂವೇಗದ ಆಪರೇಟರ್‌ಗಳ ಕಮ್ಯುಟೇಟರ್ ಸೊನ್ನೆಯಲ್ಲ, ಐ ಎಚ್-ಬಾರ್ (ಐ ಎಂದರೆ ಮೈನಸ್ ಒಂದರ ವರ್ಗಮೂಲ, ಎಚ್-ಬಾರ್ ಎಂದರೆ ಎರಡು ಪೈಯಿಂದ ಭಾಗಿಸಿದ ಪ್ಲಾಂಕ್ ಸ್ಥಿರಾಂಕ) ಎಂಬುದು ಬಾಯಿಪಾಠವಾಗಿತ್ತು. ಏಕೆ ಎಂದು ಕೇಳಿದರೆ ಉತ್ತರವಿರಲಿಲ್ಲ.

ದಾರಿ ತೋರಿಸಿದವಳು ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಸಹಪಾಠಿ. ‘ಆಪರೇಟರನ್ನು ಬರಿಗೈಯಲ್ಲಿ ನಿಲ್ಲಿಸಬೇಡ, ಬಲಗಡೆ ಒಂದು ಫಲನ ಕೊಡು’ ಎಂದಳು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎಕ್ಸ್ ವರ್ಗವನ್ನೇ ಕೊಟ್ಟು ನೋಡಿದೆವು. ಸ್ಥಾನದ ಆಪರೇಟರ್ ಮಾಡುವುದು ಎಕ್ಸ್‌ನಿಂದ ಗುಣಿಸುವ ಕೆಲಸ, ಸಂವೇಗದ್ದು ಮುಖ್ಯವಾಗಿ ಅವಕಲಿಸುವ ಕೆಲಸ. ಮೊದಲು ಅವಕಲಿಸಿ ಆಮೇಲೆ ಎಕ್ಸ್‌ನಿಂದ ಗುಣಿಸಿದರೆ 2 ಎಕ್ಸ್ ವರ್ಗ. ಮೊದಲು ಗುಣಿಸಿ ಆಮೇಲೆ ಅವಕಲಿಸಿದರೆ 3 ಎಕ್ಸ್ ವರ್ಗ. ವ್ಯತ್ಯಾಸ, ನಾವು ಕೊಟ್ಟ ಫಲನವೇ! ಬೇರೆ ಫಲನ ಕೊಟ್ಟರೂ ಅಷ್ಟೇ. ಪಿಯುಸಿಯಲ್ಲಿ ಕಲಿತ ಗುಣಲಬ್ಧದ ನಿಯಮ ಮಾಡುವ ಕೆಲಸ ಅದು. ಸಂವೇಗದ ಆಪರೇಟರ್‌ನಲ್ಲಿರುವ ಮೈನಸ್ ಐ ಎಚ್-ಬಾರ್ ಸೇರಿಸಿದರೆ ಉತ್ತರ ತಾನಾಗಿ ಬರುತ್ತದೆ. ಎಡದಿಂದ ಓದುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಬಲತುದಿಯ ಆಪರೇಟರ್‌ಗೇ ಮೊದಲ ಸರದಿ.

ಭೌತವಿಜ್ಞಾನಿ ಪಾಲ್ ಡಿರಾಕ್ 1939ರಲ್ಲಿ ತಂದ, ಚೂಪು ಆವರಣಗಳ ಬ್ರಾ-ಕೆಟ್ ಬರವಣಿಗೆಗೂ ಬಿಡಿಸಿ ಬರೆಯುವುದೇ ಮದ್ದು. ಎಲೆಕ್ಟ್ರಾನಿನಂಥ ಸ್ಪಿನ್ ಅರ್ಧದ ಕಣಕ್ಕೆ ಕೆಟ್ ಎಂದರೆ ಎರಡು ಸಂಖ್ಯೆಗಳ ಕಂಬಸಾಲು. ಬ್ರಾ ಎಂದರೆ ಐ ಇದ್ದಲ್ಲಿ ಮೈನಸ್ ಐ ಹಾಕಿದ ಅಡ್ಡಸಾಲು. ಎರಡನ್ನೂ ಗುಣಿಸುವಾಗ ಬ್ರಾ ಎಡಗಡೆಯಿದ್ದರೆ ಸಿಗುವುದು ಒಂದು ಸಂಖ್ಯೆ, ಕೆಟ್ ಎಡಗಡೆಯಿದ್ದರೆ ಮಾತೃಕೆ. ಪರೀಕ್ಷೆಯಲ್ಲಿ ಹೀಗೆಲ್ಲ ಬರೆದರೆ ಹಾಳೆ ದಂಡ ಎನ್ನುವವರಿದ್ದಾರೆ. ದಂಡವಾಗಲಿ.