ಸರ್ವರ್ ಫರ್ಮ್‌ವೇರ್ ಸ್ಕ್ರಿಪ್ಟ್ ಹಂಚಿಕೊಳ್ಳುವ ಮುನ್ನ

ಡೆಲ್‌ನ ಐಡ್ರಾಕ್, ಎಚ್‌ಪಿಇಯ ಐಎಲ್‌ಒ ಮುಂತಾದ ನಿರ್ವಹಣಾ ನಿಯಂತ್ರಕಗಳ (ಸರ್ವರನ್ನು ದೂರದಿಂದಲೇ ನಿರ್ವಹಿಸಲು ಅದರೊಳಗಿರುವ ಸಾಧನಗಳ) ಫರ್ಮ್‌ವೇರನ್ನು ನವೀಕರಿಸಲು ಸ್ಕ್ರಿಪ್ಟ್ ಬರೆದಿರುವವರು ಅದನ್ನು ಇತರರಿಗೂ ಕೊಡುವುದಾದರೆ, ಉದ್ಯಮ ಮಾನದಂಡಗಳ ಸಂಸ್ಥೆಯಾದ ಡಿಎಂಟಿಎಫ್ 2015ರಲ್ಲಿ ಪ್ರಕಟಿಸಿದ, ಸರ್ವರ್‌ಗಳನ್ನು ಜಾಲದ ಮೂಲಕ ನಿರ್ವಹಿಸುವ ರೆಡ್‌ಫಿಶ್ ಮಾನದಂಡವನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಒಳಿತು. ಡೆಲ್ ಮತ್ತು ಎಚ್‌ಪಿಇ ಗಿಟ್‌ಹಬ್‌ನಲ್ಲಿ ಇರಿಸಿರುವ ಪೈಥಾನ್ ಮಾದರಿಗಳನ್ನು ಮೊದಲು ಓದಿದರೆ ಅರ್ಧ ಶ್ರಮ ಉಳಿಯುತ್ತದೆ.

ಮಾನದಂಡ ಒಂದೇ ಆದರೂ ಕೋರಿಕೆ ಕಳುಹಿಸುವ ವಿಳಾಸಗಳು (ಯುಆರ್‌ಎಲ್) ಒಂದೇ ಅಲ್ಲ. ಎಚ್‌ಪಿಇ ಯಂತ್ರದಲ್ಲಿ ಸಿಸ್ಟಮ್‌ನ ಗುರುತು ಬರಿಯ 1 ಎಂದಿದ್ದರೆ, ಡೆಲ್‌ನಲ್ಲಿ ಅದು ‘ಸಿಸ್ಟಮ್.ಎಂಬೆಡೆಡ್.1’ ಎಂದಿರುತ್ತದೆ, ಆದ್ದರಿಂದ ವಿಳಾಸವನ್ನು ಸ್ಕ್ರಿಪ್ಟಿನೊಳಗೆ ನೇರವಾಗಿ ಬರೆಯದೆ, ಸಿಸ್ಟಮ್‌ಗಳ ಪಟ್ಟಿಯನ್ನು ಕೇಳಿ, ಬಂದ ಉತ್ತರದಿಂದ ಅದನ್ನು ಪಡೆಯಬೇಕು. ನವೀಕರಣದ ಕೋರಿಕೆಗೆ ಬರುವ 202 ಎಂಬ ಎಚ್‌ಟಿಟಿಪಿ ಉತ್ತರಸಂಕೇತಕ್ಕೆ ಕೆಲಸ ಸ್ವೀಕೃತವಾಯಿತು ಎಂದಷ್ಟೇ ಅರ್ಥ, ಮುಗಿಯಿತು ಎಂದಲ್ಲ (ಇಲ್ಲಿಯೇ ಹಲವರು ಎಡವುತ್ತಾರೆ). ಅದರೊಂದಿಗೆ ಬರುವ, ಕೆಲಸದ ಪ್ರಗತಿ ತಿಳಿಸುವ ಟಾಸ್ಕ್ ವಿಳಾಸವನ್ನು ಆಗಾಗ ಪರಿಶೀಲಿಸುತ್ತಿರಬೇಕು. ನಿಯಂತ್ರಕವು ತನ್ನದೇ ಫರ್ಮ್‌ವೇರ್ ಬದಲಾದಾಗ ಮರುಪ್ರಾರಂಭಗೊಂಡು ಕೆಲವು ನಿಮಿಷ ಸಂಪರ್ಕ ಕಡಿದುಕೊಳ್ಳುವುದರಿಂದ, ಸ್ಕ್ರಿಪ್ಟ್ ಆ ಮೌನವನ್ನು ವೈಫಲ್ಯವೆಂದು ಭಾವಿಸಬಾರದು.

ಪಾಸ್‌ವರ್ಡನ್ನು ಕಡತದಲ್ಲಿ ಬಿಡಬೇಡಿ; ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಒಮ್ಮೆ ಸೇರಿದ್ದು, ಮುಂದೆ ಅಳಿಸಿದರೂ, ಇತಿಹಾಸದಲ್ಲಿ ಉಳಿದಿರುತ್ತದೆ. ಯಾವ ಮಾದರಿಯ ಸರ್ವರ್‌ನಲ್ಲಿ, ಯಾವ ಫರ್ಮ್‌ವೇರ್ ಆವೃತ್ತಿಯ ಮೇಲೆ ಪರೀಕ್ಷಿಸಿದ್ದೀರಿ ಎಂಬುದನ್ನು ರೀಡ್‌ಮಿ ಕಡತದಲ್ಲಿ ಬರೆಯಿರಿ, ಪರವಾನಗಿಯನ್ನೂ ಸೇರಿಸಿ. ಏನನ್ನೂ ಬದಲಿಸದೆ ಈಗಿನ ಆವೃತ್ತಿಗಳನ್ನು ಮಾತ್ರ ತೋರಿಸುವ ಆಯ್ಕೆಯೊಂದಿದ್ದು, ಅದೇ ಪೂರ್ವನಿಯೋಜಿತವಾಗಿದ್ದರೆ, ಹೊಸಬರು ನಿರ್ಭಯವಾಗಿ ಓಡಿಸಿ ನೋಡಬಹುದು.