ಹೆವಿವೇಯ್ಟ್ ಚಾಂಪಿಯನ್ ಎಷ್ಟು ದೊಡ್ಡವನು ಅಂತ ಅಳೀಬೇಕಾ? ಮೊದಲು ಅವನ ಎದುರಾಳಿಗಳನ್ನ ನೋಡಿ

49 ಗೆಲುವು, ಒಂದೂ ಸೋಲಿಲ್ಲ. 1950ರ ದಶಕದ ಹೆವಿವೇಯ್ಟ್ ಚಾಂಪಿಯನ್ ರಾಕಿ ಮಾರ್ಸಿಯಾನೋ ಹೆಸರು ಬಂದ್ರೆ ಸಾಕು, ಈ ನಂಬರ್ ತಂದು ಮುಂದೆ ಇಡ್ತಾರೆ, ವಾದ ಅಲ್ಲಿಗೇ ಮುಗೀತು ಅನ್ನೋ ಥರ. ಆದ್ರೆ ಬಾಕ್ಸಿಂಗ್‌ನಲ್ಲಿ ರೆಕಾರ್ಡ್ ಅನ್ನೋದು ಅರ್ಧ ಮ್ಯಾನೇಜರ್ ಕೈಲಿರೋ ವಿಷ್ಯ. ಯಾರ ಮೇಲೆ ಫೈಟ್ ಹಾಕ್ಬೇಕು, ಯಾರನ್ನ ತಪ್ಪಿಸ್ಬೇಕು ಅಂತ ಆರಿಸ್ಕೋಬಹುದು, ಕ್ರಿಕೆಟ್ ವರ್ಲ್ಡ್ ಕಪ್ ಥರ ಡ್ರಾದಲ್ಲಿ ಯಾರು ಬಂದ್ರೂ ಆಡಲೇಬೇಕು ಅಂತೇನಿಲ್ಲ. ಡಿಯೋಂಟೆ ವೈಲ್ಡರ್ ಮೊದಲ 32 ಫೈಟನ್ನೂ ನಾಕೌಟ್‌ನಲ್ಲೇ ಗೆದ್ದ, ಆ 32 ಜನರಲ್ಲಿ ನಿಮಗೆ ನೆನಪಿರೋ ಹೆಸರು ಎಷ್ಟು ಹೇಳಿ ನೋಡೋಣ.

ಹಾಗಾಗಿ ಯಾವ ಚಾಂಪಿಯನ್ ಬಗ್ಗೆ ಮಾತಾಡೋಕ್ ಮುಂಚೆನೂ ಬಾಕ್ಸರ್‌ಗಳ ಫೈಟ್ ರೆಕಾರ್ಡ್ ಎಲ್ಲಾ ಸಿಗೋ ಬಾಕ್ಸ್‌ರೆಕ್ ವೆಬ್‌ಸೈಟ್ ತೆಗೀರಿ. ಎಲ್ಲಾ ಫೈಟ್ ನೋಡೋದು ಬೇಡ, ಟೈಟಲ್ ಫೈಟುಗಳು ಮತ್ತೆ ಅದಕ್ಕೆ ಮುಂಚಿನ ಎರಡ್ಮೂರು ಸಾಕು. ಪ್ರತಿ ಎದುರಾಳಿ ಹೆಸರಿನ ಮುಂದೆ ಆ ದಿನಕ್ಕೆ ಅವನ ವಯಸ್ಸೆಷ್ಟು, ಹಿಂದಿನ ಒಂದೆರಡು ವರ್ಷದಲ್ಲಿ ಯಾರನ್ನ ಸೋಲಿಸಿದ್ದ, ಎಷ್ಟು ದಿನದಿಂದ ರಿಂಗ್‌ಗೆ ಇಳಿದಿರ್ಲಿಲ್ಲ ಅಂತ ಬರ್ಕೊಳ್ಳಿ. "ಆ ದಿನಕ್ಕೆ" ಅನ್ನೋದು ತುಂಬಾ ಮುಖ್ಯ, ಯಾಕಂದ್ರೆ ನಾವೆಲ್ಲ ಹೆಸರು ನೋಡಿ ಮಾರ್ಕ್ಸ್ ಕೊಟ್ಬಿಡ್ತೀವಿ.

ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಕೇಸ್ ನೋಡಿ. 1966ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಮುಹಮ್ಮದ್ ಅಲಿ ಇವನನ್ನ ಮೂರೇ ರೌಂಡಲ್ಲಿ ಮುಗಿಸಿದ, ಅಲಿ ಜೀವನದ ಬೆಸ್ಟ್ ಪರ್ಫಾರ್ಮೆನ್ಸ್ ಅಂತ ಇವತ್ತಿಗೂ ಆ ವಿಡಿಯೋ ತೋರಿಸ್ತಾರೆ. ಅಲಿ ಚೆನ್ನಾಗಿ ಆಡಿದ್ದು ಖಂಡಿತ ನಿಜ. ಆದ್ರೆ ವಿಲಿಯಮ್ಸ್‌ಗೆ ಅದಕ್ಕೆ ಎರಡು ವರ್ಷ ಮುಂಚೆ ಪೊಲೀಸ್ ಗುಂಡು ಬಿದ್ದಿತ್ತು, ಒಂದು ಕಿಡ್ನಿನೇ ತೆಗೆದಿದ್ರು. ಹೊಡೆತಕ್ಕೆ ಹೆಸರಾಗಿದ್ದ ಹಳೇ ವಿಲಿಯಮ್ಸ್ ಅಲ್ಲಿ ಬಂದಿರ್ಲೇ ಇಲ್ಲ. ಅಲಿಯ ಆ ಕಾಲದ ವೇಗ ತೋರಿಸೋಕೆ ಆ ಫೈಟ್ ಸರಿ, ಎದುರಾಳಿ ಲೆಕ್ಕಕ್ಕೆ ಮಾತ್ರ ತುಂಬಾ ಕಮ್ಮಿ ಹಾಕ್ಬೇಕು. ಅದೇ ಅಲಿಯನ್ನ 1980ರಲ್ಲಿ ಆಗಿನ ಚಾಂಪಿಯನ್ ಲ್ಯಾರಿ ಹೋಮ್ಸ್ ಸೋಲಿಸಿದಾಗ ಅಲಿಗೆ 38, ಎರಡು ವರ್ಷದಿಂದ ಫೈಟ್ ಇಲ್ಲ, 10 ರೌಂಡ್ ಆದ್ಮೇಲೆ ಅವನ ಕಾರ್ನರ್‌ನವರೇ ನಿಲ್ಲಿಸಿದ್ರು. ಹೋಮ್ಸ್ ಲಿಸ್ಟಲ್ಲಿರೋ ಅತಿ ದೊಡ್ಡ ಹೆಸರು ಅದು, ಅದಕ್ಕೆ ನಾನು ಕೊಡೋ ಬೆಲೆ ಸೊನ್ನೆ.

ಮಾರ್ಸಿಯಾನೋಗೂ ಇದೇ ಅಳತೆ. 1951ರಲ್ಲಿ ಅವನು ಹೊಡೆದುರುಳಿಸಿದ ಮಾಜಿ ಚಾಂಪಿಯನ್ ಜೋ ಲೂಯಿಸ್‌ಗೆ 37, ಒಂದು ಸಲ ರಿಟೈರ್ ಆಗಿ ವಾಪಸ್ ಬಂದಿದ್ದವನು. ಅದನ್ನ ಪಕ್ಕಕ್ಕಿಡಿ. ಆದ್ರೆ ಜರ್ಸಿ ಜೋ ವಾಲ್ಕಾಟ್‌ಗೆ 38 ಅಂತ ಅದನ್ನೂ ತೆಗೆದು ಹಾಕ್ತಾರಲ್ಲ, ಅದು ಅನ್ಯಾಯ. 1952ರಲ್ಲಿ ವಾಲ್ಕಾಟ್ ಹಾಲಿ ಚಾಂಪಿಯನ್, ಮೊದಲ ರೌಂಡಲ್ಲೇ ಮಾರ್ಸಿಯಾನೋನ ಕೆಳಗೆ ಬೀಳಿಸಿದ, 13ನೇ ರೌಂಡಲ್ಲಿ ನಾಕೌಟ್ ಆಗೋವರೆಗೂ ಮೂರೂ ಸ್ಕೋರ್‌ಕಾರ್ಡಲ್ಲಿ ಮುಂದಿದ್ದ. ಅಷ್ಟು ಚೆನ್ನಾಗಿ ಆಡ್ತಿದ್ದವನ ವಯಸ್ಸು ಎಷ್ಟಿದ್ರೇನು? ವಯಸ್ಸು ಒಂದು ಸುಳಿವು ಅಷ್ಟೇ, ಕೊನೆ ತೀರ್ಪು ಆ ರಾತ್ರಿ ಅವನು ಹೇಗಾಡ್ದ ಅನ್ನೋದು, ಅದಕ್ಕೇ ವಿಡಿಯೋ ನೋಡ್ಲೇಬೇಕು.

ಮುಂದಿನದು ಎಲ್ರೂ ಬಿಟ್ಟುಬಿಡೋ ಕೆಲ್ಸ: ಸೋತವನು ಆಮೇಲೆ ಏನಾದ ಅಂತ ನೋಡೋದು. ಹೋಮ್ಸ್ ಕಾಲ ವೀಕ್ ಅಂತ ಜನ ಸಲೀಸಾಗಿ ಹೇಳ್ತಾರೆ, ನನಗಂತೂ ಇದು ಕೇಳಿದ್ರೆ ಬೇಜಾರಾಗುತ್ತೆ. ಮೈಕ್ ವೀವರ್ 1979ರ ಜೂನ್‌ನಲ್ಲಿ ಹೋಮ್ಸ್ ಮೇಲೆ ಬಂದಾಗ ಅವನ ರೆಕಾರ್ಡ್ ತುಂಬಾ ಸೋಲುಗಳ ರೆಕಾರ್ಡ್, ಯಾರೂ ಲೆಕ್ಕಕ್ಕೇ ತಗೊಂಡಿರ್ಲಿಲ್ಲ, ಹೋಮ್ಸ್‌ಗೆ ನೀರು ಕುಡಿಸಿ 12ನೇ ರೌಂಡಲ್ಲಿ ಸೋತ. ಒಂಬತ್ತು ತಿಂಗಳಿಗೆ ಅದೇ ವೀವರ್ ಜಾನ್ ಟೇಟ್‌ನ 15ನೇ ರೌಂಡಲ್ಲಿ ಮಲಗಿಸಿ, ವಿಶ್ವ ಟೈಟಲ್ ಕೊಡೋ ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯೂಬಿಎ ಚಾಂಪಿಯನ್ ಆದ. ಟ್ರೆವರ್ ಬರ್ಬಿಕ್, ಟಿಮ್ ವಿದರ್‌ಸ್ಪೂನ್, ಬೋನ್‌ಕ್ರಷರ್ ಸ್ಮಿತ್, ಮೂವರೂ ಹೋಮ್ಸ್ ಹತ್ರ ಸೋತು ಆಮೇಲೆ ಬೆಲ್ಟ್ ಗೆದ್ದವರೇ. ಫೈಟ್ ದಿನದ ಪೇಪರಲ್ಲಿ ಹೆಸರಿಲ್ಲದವರು, ಆದ್ರೆ ಮೇಲಕ್ಕೆ ಏರ್ತಿದ್ದವರು. ಮುಗಿದು ಹೋದ ದೊಡ್ಡ ಹೆಸರಿಗಿಂತ ಇಂಥ ಗೆಲುವಿಗೆ ನಾನು ಯಾವತ್ತೂ ಜಾಸ್ತಿ ಬೆಲೆ ಕೊಡ್ತೀನಿ.

ಅವನು ಇವನನ್ನ ಸೋಲಿಸಿದ, ಇವನು ಇನ್ನೊಬ್ಬನನ್ನ ಸೋಲಿಸಿದ, ಹಾಗಾಗಿ ಅವನೇ ಎಲ್ರಿಗಿಂತ ದೊಡ್ಡವನು ಅನ್ನೋ ಸರಪಳಿ ಲೆಕ್ಕ ಮಾತ್ರ ಹಾಕ್ಬೇಡಿ. ಕೆನ್ ನಾರ್ಟನ್ 1973ರಲ್ಲಿ ಅಲಿ ದವಡೆ ಮುರಿದು ಗೆದ್ದ, ಮೂರು ಫೈಟಲ್ಲೂ ಅಲಿಗೆ ಕಷ್ಟ ಕೊಟ್ಟ. ಮುಂದಿನ ವರ್ಷ ಆಗಿನ ಚಾಂಪಿಯನ್ ಜಾರ್ಜ್ ಫೋರ್‌ಮನ್ ಎದುರು ಎರಡೇ ರೌಂಡಿಗೆ ಮುಗ್ದ. ಆ ಫೋರ್‌ಮನ್‌ನ ಅದೇ ವರ್ಷ ಕಿನ್ಶಾಸಾದಲ್ಲಿ ಅಲಿ ಎಂಟನೇ ರೌಂಡಲ್ಲಿ ಮಲಗಿಸಿದ. ಸ್ಟೈಲ್ ಅನ್ನೋದು ಅಷ್ಟು ದೊಡ್ಡ ವಿಷ್ಯ, ಜೋರಾಗಿ ಹೊಡಿಯೋರು ಮೇಲೆ ಬಿದ್ರೆ ನಾರ್ಟನ್ ನಿಲ್ತಿರ್ಲಿಲ್ಲ, ದೂರದಿಂದ ಬಾಕ್ಸ್ ಮಾಡೋರಿಗೆ ದೊಡ್ಡ ತಲೆನೋವು. ಅದಕ್ಕೇ ಎದುರಾಳಿಗಳಲ್ಲಿ ಬೇರೆ ಬೇರೆ ಥರದವರು ಇದಾರಾ ನೋಡಿ. ಲಿಸ್ಟನ್, ಫ್ರೇಜಿಯರ್, ನಾರ್ಟನ್, ಫೋರ್‌ಮನ್ ಇವರಲ್ಲಿ ಇಬ್ಬರ ಆಟ ಒಂದೇ ಥರ ಅಲ್ಲ, ನಾಲ್ವರನ್ನೂ ಅಲಿ ಗೆದ್ದಿದಾನೆ, ನನ್ನ ಲೆಕ್ಕದಲ್ಲಿ ಅವನೇ ನಂಬರ್ ಒನ್ ಆಗೋದು ಇದಕ್ಕೆ.

ಇನ್ನು ಯಾರ ಮೇಲೆ ಆಡ್ಲಿಲ್ಲ ಅನ್ನೋದನ್ನೂ ಬರೀರಿ, ಆದ್ರೆ ಯಾಕೆ ಅಂತ ಸೇರಿಸಿ ಬರೀರಿ. 1920ರ ದಶಕದ ಚಾಂಪಿಯನ್ ಜಾಕ್ ಡೆಂಪ್ಸಿ ಹ್ಯಾರಿ ವಿಲ್ಸ್ ಮೇಲೆ ಆಡ್ಲೇ ಇಲ್ಲ, ವಿಲ್ಸ್ ಕಪ್ಪು ವರ್ಣದವನು, ಆ ಫೈಟ್ ಆಗೋಕೆ ಆ ಕಾಲದ ಅಮೆರಿಕಾ ಬಿಡ್ಲಿಲ್ಲ. ಡೆಂಪ್ಸಿ ಒಬ್ಬನದೇ ತಪ್ಪು ಅನ್ನೋಕಾಗಲ್ಲ, ಆದ್ರೂ ಲಿಸ್ಟಲ್ಲಿ ಆ ಜಾಗ ಖಾಲಿನೇ. ಇಬ್ಬರೂ ಚಾಂಪಿಯನ್ ಆಗಿದ್ದ ಕ್ಲಿಚ್ಕೋ ಅಣ್ತಮ್ಮಂದಿರು ಒಬ್ಬರ ಮೇಲೊಬ್ಬರು ಆಡಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ರು, ಇದನ್ನ ಅವರ ತಲೆಗೆ ಕಟ್ಟೋದು ಸರಿಯಲ್ಲ. ಸೋತು ವಾಪಸ್ ಬಂದು ಅವನನ್ನೇ ಸೋಲಿಸಿದ್ರೆ ಅದಕ್ಕೆ ಎಕ್ಸ್‌ಟ್ರಾ ಮಾರ್ಕ್ಸ್ ಇರ್ಲಿ. ಲೆನಾಕ್ಸ್ ಲೂಯಿಸ್ ಸೋತಿದ್ದು ಆಲಿವರ್ ಮೆಕಾಲ್ ಮತ್ತೆ ಹಸೀಮ್ ರಹಮಾನ್ ಇಬ್ಬರಿಗೇ, ಇಬ್ಬರಿಗೂ ತಿರುಗಿಸಿ ಕೊಟ್ಟ.

ಇಷ್ಟೂ ಇಟ್ಕೊಂಡು ಓಲೆಕ್ಸಾಂಡರ್ ಉಸಿಕ್ ನೋಡಿ. 2025ರ ಜುಲೈವರೆಗೆ ಹೆವಿವೇಯ್ಟ್‌ನಲ್ಲಿ ಅವನದು ಬರೀ ಎಂಟು ಫೈಟ್, ನಂಬರ್ ನೋಡೋರಿಗೆ ಏನೂ ಅನ್ಸಲ್ಲ. ಆದ್ರೆ ಅದರಲ್ಲಿ ಅವನು ಸೋಲಿಸಿದ್ದು ಆಂಟನಿ ಜೋಶುವಾ ಎರಡು ಸಲ, ಅಲ್ಲೀವರೆಗೂ ಸೋಲೇ ಕಾಣದಿದ್ದ ಟೈಸನ್ ಫ್ಯೂರಿ ಎರಡು ಸಲ, ಡೇನಿಯಲ್ ಡುಬುವಾ ಎರಡು ಸಲ. ಡುಬುವಾ ವಿಷ್ಯದಲ್ಲಿ ಹುಷಾರು, 2023ರ ಡುಬುವಾ ಬೇರೆ, 2025ರವನು ಬೇರೆ, ಮಧ್ಯದಲ್ಲಿ ಅವನು ಜೋಶುವಾನ ಐದನೇ ರೌಂಡಲ್ಲಿ ನಾಕೌಟ್ ಮಾಡಿದ್ದ, ಅದಕ್ಕೆ ಎರಡನೇ ಗೆಲುವಿಗೆ ಮೊದಲನೇದಕ್ಕಿಂತ ತೂಕ ಜಾಸ್ತಿ. ಎಂಟರಲ್ಲಿ ಐದಾದ್ರೂ ಗಟ್ಟಿ ಗೆಲುವು ಅಂತ ನಾನು ಹಾಕ್ತೀನಿ, ವೈಲ್ಡರ್ 10 ಸಲ ಟೈಟಲ್ ಉಳಿಸ್ಕೊಂಡಿದ್ರಲ್ಲಿ ಲೂಯಿಸ್ ಒರ್ಟಿಜ್ ಮೇಲಿನ ಎರಡು ಬಿಟ್ರೆ ಆ ಸಾಲಿಗೆ ಸೇರಿಸೋಕೆ ನನಗೆ ಇನ್ನೊಂದು ಸಿಗ್ತಿಲ್ಲ.