ಯಾರ್ಕ್‌ನಲ್ಲಿ ಸಾಲಪತ್ರದ ನಡಿಗೆ: ಎರಡು ವರ್ಷ ಕೈ ಸುಟ್ಟುಕೊಂಡ ಮೇಲೆ

ಯಹೂದಿ ದ್ವೇಷದ ಚರಿತ್ರೆ ಹೇಳೋಕೆ ಇಂಗ್ಲೆಂಡ್‌ನ ಯಾರ್ಕ್‌ನಲ್ಲಿ ನಡಿಗೆ ಇಡ್ತೀನಿ ಅಂದಾಗ ಲೀಡ್ಸ್‌ನ ಕನ್ನಡದ ಗೆಳೆಯರು, "ಭಾನುವಾರ ಮಕ್ಕಳನ್ನ ಕಟ್ಕೊಂಡು ಹೆಣದ ಕಥೆ ಕೇಳೋಕೆ ಯಾರು ಬರ್ತಾರೆ ಮಾರಾಯ?" ಅಂತ ನಕ್ಕಿದ್ದರು. ಈ ಮಾರ್ಚ್‌ನಲ್ಲಿ ಎರಡು ತಂಡ ಭರ್ತಿ. ಹತ್ತೋ ಹನ್ನೊಂದೋ ಜನಕ್ಕೆ ಜಾಗ ಇಲ್ಲ ಅನ್ನಬೇಕಾಯ್ತು.

ಮೊದಲ ವರ್ಷ ಹಿಟ್ಲರನಿಂದ ಶುರು ಮಾಡಿ ಹಿಂದಕ್ಕೆ ಹೋದೆ. ಎಲ್ಲರೂ 'ಗೊತ್ತು ಗೊತ್ತು' ಅಂತ ತಲೆಯಾಡಿಸಿದರು, ಅಷ್ಟೇ. ಎರಡನೇ ವರ್ಷ ಯಹೂದಿಗಳಿಗೆ ಬೇರೆ ಉಡುಪು ಕಡ್ಡಾಯ ಮಾಡಿದ 1215ರ ಲ್ಯಾಟರನ್ ಚರ್ಚ್ ಸಭೆ, ಅವರನ್ನ ಬೈದು ಬರೆದ ಕ್ರೈಸ್ತ ಸುಧಾರಕ ಲೂಥರ್, ದ್ರೋಹದ ಸುಳ್ಳು ಆರೋಪ ಹೊತ್ತ ಫ್ರಾನ್ಸ್‌ನ ಯಹೂದಿ ಸೇನಾಧಿಕಾರಿ ಡ್ರೈಫಸ್ ಎಲ್ಲರದೂ ಬಣ್ಣದ ಪಟ ಲ್ಯಾಮಿನೇಟ್ ಮಾಡಿಸಿದೆ. ಸುಮಾರು 180 ಪೌಂಡ್ ಕೈಬಿಟ್ಟಿತು. ಬಂದವರು ನಾಲ್ಕು ಜನ, ಅದರಲ್ಲಿ ಒಬ್ಬರು ನನ್ನ ಭಾವ.

ಆಮೇಲೆ ಪಟ ಬಿಟ್ಟು ಸಾಲಪತ್ರ ಹಿಡಿದೆ. ಯಾರ್ಕ್ ಕೋಟೆಯ ಗೋಪುರ ಕ್ಲಿಫರ್ಡ್ಸ್ ಟವರ್‌ನ ಬುಡದಲ್ಲೇ ನಿಲ್ಲಿಸಿ, ಮೇಲೆ ಹತ್ತಿಸಿದರೆ ಟಿಕೆಟ್ ದುಡ್ಡು ದಂಡ. ಈಗಿನ ಕಲ್ಲಿನ ಗೋಪುರ ಆಮೇಲಿನದು, 1190ರಲ್ಲಿ ಇದ್ದದ್ದು ಮರದ್ದು. ಆಮೇಲೆ ಆಟ, ಎಲ್ಲರಿಗೂ ಒಂದೊಂದು ಚೀಟಿ: ಸಾಲ ಮಾಡಿದ ಜಮೀನ್ದಾರರು, ಸಾಲ ಕೊಟ್ಟ ಯಹೂದಿ ಒಬ್ಬ, ರಾಜ ಒಬ್ಬ. ಪ್ರತಿ ಸುತ್ತಿಗೂ ರಾಜ ಯಹೂದಿಯ ಜೇಬಿಗೆ ಕೈ ಹಾಕ್ತಾನೆ. ಯಹೂದಿ ಸಾಲಗಾರರನ್ನ ಹಿಂಡಲೇಬೇಕಾಗುತ್ತೆ. ಬೈಗುಳ ಮಾತ್ರ ಅವನ ಪಾಲಿಗೆ. ಬಡ್ಡಿ ಕ್ರೈಸ್ತರಿಗೆ ಪಾಪ ಅಂದ ಚರ್ಚು, ಯಹೂದಿಗಳು ನನ್ನ ಸೊತ್ತು ಅಂದ ರಾಜ, ಎರಡನ್ನೂ ವಿವರಿಸೋ ಕೆಲಸವೇ ಉಳಿಯಲ್ಲ.

ಆಗ 1190ರ ಮಾರ್ಚ್ 16ಕ್ಕೆ ಬರ್ತೀನಿ. ಗೋಪುರದೊಳಗೆ ಆಶ್ರಯ ಪಡೆದ ಸುಮಾರು 150 ಜನ ಯಹೂದಿಗಳು. ಹೊರಗಿನ ಗುಂಪಿನ ಮುಂದೆ ಯಹೂದಿಗಳಿಗೇ ಸಾಲ ತೀರಿಸಬೇಕಿದ್ದ ರಿಚರ್ಡ್ ಮಲೆಬಿಸ್‌ನಂಥ ಜಮೀನ್ದಾರರು. ಒಳಗಿದ್ದ ಹೆಚ್ಚಿನವರು ತಾವೇ ಪ್ರಾಣ ಕಳೆದುಕೊಂಡರು. ಮತಾಂತರ ಆಗ್ತೀವಿ ಅಂತ ಹೊರಬಂದವರನ್ನೂ ಕೊಂದರು. ಕೊಂದವರು ಊರಿನ ದೊಡ್ಡ ಚರ್ಚು ಮಿನ್‌ಸ್ಟರ್‌ಗೆ ಹೋಗಿ ಅಲ್ಲಿಟ್ಟಿದ್ದ ಸಾಲಪತ್ರಗಳನ್ನ ಸುಟ್ಟರು. ಆ ಕಾಲು ಗಂಟೆಯ ದಾರಿಯಲ್ಲಿ ನಾನು ಒಂದು ಮಾತೂ ಆಡಲ್ಲ. ಮಿನ್‌ಸ್ಟರ್ ಬಾಗಿಲಲ್ಲಿ ಚೀಟಿ ವಾಪಸ್ ಕೇಳುವಾಗ ಏನಂತ ಕೇಳ್ತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ, ನೀವೇ ಬಂದು ನೋಡಿ.

ಚೀಟಿ ಮಾಡೋರಿಗೆ ಒಂದು ಮಾತು. ಒಂದೇ ಹಾಳೆಯಲ್ಲಿ ಸಾಲವನ್ನ ಎರಡು ಸಲ ಬರೆದು ನಡುವೆ ಅಂಕುಡೊಂಕಾಗಿ ಕತ್ತರಿಸಿ. ಪತ್ರ ಸುಟ್ಟದ್ದರಿಂದ ರಾಜನ ಆದಾಯಕ್ಕೇ ಪೆಟ್ಟು ಬಿತ್ತಲ್ಲ, 1194ರಲ್ಲಿ ಹೀಗೆ ಅರ್ಧ ಸಾಲ ಕೊಟ್ಟವನಿಗೆ, ಅರ್ಧ ಸರಕಾರಿ ಪೆಟ್ಟಿಗೆಗೆ ಅಂತ ಕಾನೂನು ಬಂತು. ನಾನು ಮೊದಲು ನೇರ ಕತ್ತರಿಸಿದ್ದೆ, ಯಾವ ಅರ್ಧ ಯಾವುದಕ್ಕೂ ಹೊಂದ್ತಿತ್ತು!

ನಡುವೆ ಲಿಂಕನ್‌ಗೂ ಒಂದು ವ್ಯಾನ್ ಮಾಡಿದ್ದೆ. ಹ್ಯೂ ಅನ್ನೋ ಹುಡುಗನನ್ನ ಬಲಿ ಕೊಟ್ಟರು ಅಂತ ಸುಳ್ಳು ಹೊರಿಸಿ 1255ರಲ್ಲಿ ಹತ್ತೊಂಬತ್ತು ಯಹೂದಿಗಳನ್ನ ಗಲ್ಲಿಗೇರಿಸಿದ ಪ್ರಕರಣದ ಊರು. ಮಕ್ಕಳು ಹೆದರಿದರು, ತಾಯಂದಿರು ನನ್ನ ಮೇಲೆ ರೇಗಿದರು, ಅರವತ್ತು ಚಿಲ್ಲರೆ ಪೌಂಡ್ ನೀರುಪಾಲು. ನವೆಂಬರ್‌ನಲ್ಲಿ ಯಾರ್ಕ್ ಕೂಡ ಬೇಡ. ಮಾರ್ಚ್‌ನಲ್ಲಾದರೆ ಗೋಪುರದ ದಿಬ್ಬದ ತುಂಬ ಆರೆಸಳಿನ ಡ್ಯಾಫೊಡಿಲ್, ದಾವೀದನ ನಕ್ಷತ್ರ ನೆನಪಾಗಲಿ ಅಂತಲೇ ನೆಟ್ಟದ್ದು.

ತಲೆಗೆ 8 ಪೌಂಡ್ ತಗೋತೀನಿ. ಹಳೇ ನಷ್ಟ ಇನ್ನೂ ಪೂರ್ತಿ ತೀರಿಲ್ಲ.

ಹೋದ ಸಲ ರಾಜನಾಗಿದ್ದ ಒಂಬತ್ತು ವರ್ಷದ ಹುಡುಗ ನಾಲ್ಕನೇ ಸುತ್ತಲ್ಲೇ, "ಅಂಕಲ್, ಇವನ ಹತ್ರ ಇನ್ನೇನೂ ಇಲ್ಲ, ಇವನನ್ನ ಕಳಿಸಿಬಿಡಿ" ಅಂದ. 1275ರಲ್ಲಿ ಯಹೂದಿಗಳು ಬಡ್ಡಿ ತಗೊಳ್ಳೋದನ್ನ ನಿಷೇಧಿಸಿದ ಒಂದನೇ ಎಡ್ವರ್ಡ್, 1290ರಲ್ಲಿ ಎಲ್ಲರನ್ನೂ ಇಂಗ್ಲೆಂಡ್‌ನಿಂದಲೇ ಹೊರಹಾಕಿದ. ಅದನ್ನ ಹೇಳೋಕೆ ನಾನಿನ್ನೂ ಬಾಯಿ ತೆರೆದಿರಲಿಲ್ಲ.